ನಿದ್ದೆ ಸಾಕಮ್ಮ ಅಂದು ಮಲಗಿರಲಿಲ್ಲ

ನನ್ನ ಮೊಮ್ಮಗಳು ಸಿಂಚನ ಬರೆದ ಪತ್ತೇದಾರಿ ಕಥೆಗೆ ಹುಣಸೂರು ತಾಲ್ಲೂಕಿಗೇ ಮೊದಲ ಬಹುಮಾನ! ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳ ಮನೆಯಲ್ಲಿ ಇಂಥ ಕುಡಿ — ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಆದರೆ ಆ ಕಥೆಯ ನಿಜವಾದ ತಪ್ಪಿತಸ್ಥೆ ನಾನು. ಅದು ಅವಳಿಗೆ ಗೊತ್ತಿರಲಿಲ್ಲ.

ಅದು ನಮ್ಮ ಮನೆಯದೇ ಸಂಗತಿ, ನಾನೇ ಹೇಳಿದ್ದು. ಇವಳಪ್ಪ ಆಗ ಹಸುಗೂಸು. ಜಡಿಮಳೆ ಹಿಡಿದಿತ್ತು. ಕಾವು ಕೊಟ್ಟು ಹೊಗೆಸೊಪ್ಪು ಹದ ಮಾಡುವ ನಮ್ಮ ಬ್ಯಾರನ್‌ನಲ್ಲಿ ಸೊಪ್ಪೆಲ್ಲ ಕಪ್ಪಾಗಿಹೋಯಿತು. ಬೆಂಕಿ ಕಾಯುತ್ತಿದ್ದವಳು ನನ್ನ ಓರಗಿತ್ತಿ ಸಾಕಮ್ಮ. “ನಿದ್ದೆ ಹೊಡ್ದು ಕಾವು ಇಳುಸ್ಬುಟ್ಲು ಕಣ್ರೋ” ಎಂದರು ಅತ್ತೆ. ಅಂದಿನಿಂದ ಅವಳು ನಮ್ಮೂರು ಕಟ್ಟೆಮಳಲವಾಡಿಗೆಲ್ಲ ‘ನಿದ್ದೆ ಸಾಕಮ್ಮ’.

ಬ್ಯಾರನ್ ಬಾಗಿಲು ತೆಗೆದವಳು ನಾನು. ಕೂಸಿನ ಬಟ್ಟೆ ಒಣಗುತ್ತಿರಲಿಲ್ಲ — ಅವಳು ಸೌದೆ ತರಲು ಹೋದಾಗ ಒದ್ದೆ ಬಟ್ಟೆ ಒಳಗೆ ಹರವಿ ಬಂದೆ, ಬಾಗಿಲನ್ನೂ ಸರಿಯಾಗಿ ಹಾಕದೆ… ಕಾವೆಲ್ಲ ಹೊರಗೆ ಹೋಯಿತು. ಆಮೇಲೆ ಬಟ್ಟೆ ಎತ್ತಿಕೊಂಡೆ. ಬಾಯಿ ಮುಚ್ಚಿಕೊಂಡೆ.

ಮೊನ್ನೆ ಸಿಂಚನ ನನಗೂ ಪಾಠ ಹೇಳಿದಳು. “ಅಜ್ಜಿ, ಪತ್ತೇದಾರಿ ಕಥೇಲಿ ಓದೋರ ದಾರಿ ತಪ್ಸಕೆ ಒಂದು ಸುಳ್ಳು ಸುಳಿವು ಇಡ್ಬೇಕು. ನಿಜವಾದ್ ಸುಳಿವು ಕಣ್ಮುಂದೇ ಇದ್ರೂ ಯಾರ್ಗೂ ಹೊಳೀಬಾರ್ದು. ಕೊನೇಲಿ ತಿರುವು.”

ಸಾಕಮ್ಮನ ನಿದ್ದೆಯೇ ಆ ಸುಳ್ಳು ಸುಳಿವು — ಪ್ರತಿ ಸಲ ಕಥೆ ಹೇಳಿ ಎಲ್ಲರನ್ನೂ ನಗಿಸಿ ಅದನ್ನು ಕಾಪಾಡಿಕೊಂಡು ಬಂದವಳು ನಾನು. ಹೊಗೆಸೊಪ್ಪಿನ ವಾಸನೆ ಹೊಡೆಯುತ್ತಿದ್ದ ಕೂಸಿನ ಬಟ್ಟೆ ಎಲ್ಲರ ಕಣ್ಣೆದುರೇ ಇತ್ತು.

ಇವತ್ತು ಸಂಜೆ ಸಿಂಚನ ಕುಣಿದುಕೊಂಡು ಬಂದಳು. ಕಥೆಯನ್ನು ಅಚ್ಚು ಹಾಕಿಸುತ್ತಾರಂತೆ. ಅಚ್ಚಾದರೆ ಸಾಕಮ್ಮನ ಮೇಲಿನ ಸುಳ್ಳು ಅಲ್ಲೇ ಉಳಿದುಬಿಡುತ್ತದೆ — ಸಾಕಮ್ಮನೂ ಸೇರಿ ಎಲ್ಲರ ಎದುರೇ ಹೇಳಿಬಿಟ್ಟೆ.

“ಸಾಕೂ, ನೀನ್ ಮಲ್ಗಿರ್ಲಿಲ್ಲ ಕಣೆ. ಬ್ಯಾರನ್ ಬಾಗ್ಲು ತಗ್ದೋಳು ನಾನು.”

ಸಾಕಮ್ಮ ನನ್ನತ್ತ ತಿರುಗಿದಳು. “ನೀವೆಲ್ಲಾ ಅಂದೂ ಅಂದೂ… ನಾನೇ ಮಲ್ಗಿದ್ನೇನೋ ಅಂದ್ಕಬುಟ್ಟಿದ್ದೆ ಕಣಕ್ಕಾ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಅಜ್ಜಿ, ಕೊನೆ ಬದ್ಲಾಯಿಸ್ಲಾ?” ಎಂದಳು ಸಿಂಚನ, ಮೆಲ್ಲಗೆ.

“ಬದ್ಲಾಯ್ಸು ಮಗಾ. ನನ್ ಹೆಸ್ರೇ ಹಾಕು.”

ಬಹುಮಾನದ ಖುಷಿಗೆ ಕೋಳಿ ಸಾರು, ಮುದ್ದೆ. ಎಲ್ಲರೂ ಸಾಲಾಗಿ ಕೂತರು. ಮೊದಲ ಮುದ್ದೆ ಸಾಕಮ್ಮನ ತಟ್ಟೆಗೆ ಹಾಕಿದೆ. ಅವಳ ಗಂಡ, ನನ್ನ ಮೈದುನ, ತಲೆ ಕೆರೆದುಕೊಂಡ. “ಅಲ್ಲಾ, ಇನ್ಮೇಲೆ ಇವ್ಳನ್ನ ಏನಂತ ಕರೀಲಿ ಅತ್ಗೆ?”

“ಬರೀ ಸಾಕಮ್ಮ ಅನ್ರಿ” ಎಂದು ಅವಳು ಸಾರಿಗೆ ತಟ್ಟೆ ಒಡ್ಡಿದಳು. ಬಡಿಸಿ, ಅವಳ ಪಕ್ಕದಲ್ಲೇ ನಾನೂ ಉಣ್ಣಲು ಕೂತೆ.