ನಲವತ್ತೆರಡು ಮಂದಿ ಹೊರಗೆ

ಮಾನಮ್ಮನಿಗೆ ಮಿಲ್ಲಿನ ಆ ಸೈರನ್ ಕೇಳಿದರೇ ಮೈ ಉರಿಯುತ್ತಿತ್ತು. ಬೆಂಕಿಯ ಭಯಕ್ಕಲ್ಲ, ಬೆಂಕಿಯ ಹೆಸರಿನಲ್ಲಿ ನಡೆಯುವ ನಾಟಕಕ್ಕೆ. ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಬದಿಯ ಹತ್ತಿ ಮಿಲ್ಲಿನಲ್ಲಿ ಆಕೆ ಹದಿನೆಂಟು ವರ್ಷ ದುಡಿದವಳು. ಹತ್ತಿ ಸುಗ್ಗಿ ಶುರುವಾಯಿತೆಂದರೆ ಬೆಳಿಗ್ಗೆ ದೇವಾಪುರದಿಂದ ಟಂಟಂ ಆಟೋದಲ್ಲಿ ಬರುವುದು, ಬೀಜ ಬಿಡಿಸುವ ಯಂತ್ರಕ್ಕೆ ದಿನವಿಡೀ ಹತ್ತಿ ಉಣಿಸುವುದು, ಸಂಜೆ ತಲೆ, ಹುಬ್ಬೆಲ್ಲ ಬೆಳ್ಳಗೆ ಮಾಡಿಕೊಂಡು ಮನೆ ಸೇರುವುದು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಎರಡು ಸಲ ಯಂತ್ರಕ್ಕೆ ಕಲ್ಲು ಸಿಕ್ಕು ಕಿಡಿ ಹಾರಿದಾಗ ನೀರು ಸುರಿದು ಆರಿಸಿದವಳೂ ಅವಳೇ. ಹತ್ತಿಗೆ ಕಿಚ್ಚು ತಾಗಿದರೆ ಹೊರಗೋಡಲು ಎಷ್ಟು ಹೊತ್ತು ಸಿಗುತ್ತದೆಂಬುದು ಅವಳಿಗೆ ಗೊತ್ತಿತ್ತು.

ಮೂರು ತಿಂಗಳಿಗೊಮ್ಮೆ ಬೆಂಕಿಯ ತಾಲೀಮು ನಡೆಸಲೇಬೇಕೆಂದು ವಿಮೆಯವರು ಹಟ ಹಿಡಿದಾಗ, ಮೊದಲ ಸಲ ಅದು ಖರೆಯಾಗಿಯೇ ನಡೆಯಿತು. ಹೇಳದೆ ಕೇಳದೆ ಸೈರನ್ ಹೊಡೆಯಿತು. ಹೆಂಗಸರು ಓಡಿ ಬಾಗಿಲಲ್ಲಿ ಸಿಕ್ಕಿಬಿದ್ದರು. ಹತ್ತಿ ಅಂದರೆ ಲಕ್ಷ್ಮಿ, ಅದರ ಮೇಲೆ ಚಪ್ಪಲಿ ಕಾಲಿಡುವವರು ಯಾರು? ಹಾಗಾಗಿ ನಲವತ್ತೆರಡು ಜೊತೆ ಚಪ್ಪಲಿಯೂ ಇದ್ದೊಂದು ಬಾಗಿಲ ಹೊಸ್ತಿಲಾಚೆ ಬಿದ್ದಿರುತ್ತಿದ್ದವು. ಮುಂದಿನವರು ತಮ್ಮ ಜೋಡು ಹುಡುಕುತ್ತ ಬಗ್ಗಿದರು, ಹಿಂದಿನವರು ಅವರ ಬೆನ್ನ ಮೇಲೆ ಬಿದ್ದರು. ಅಂಗಳ ಸೇರುವಷ್ಟರಲ್ಲಿ ಆರು ನಿಮಿಷ. ಮಾನಮ್ಮ ಎಣಿಸಿದಳು, ನಲವತ್ತೊಂದೇ. ಇಪ್ಪತ್ತು ವರ್ಷ ಯಂತ್ರದ ಪಕ್ಕ ನಿಂತು ಕಿವಿ ಕಳಕೊಂಡ ಮಕ್ತುಂಬಿ ಒಳಗೆ ಮೂಲೆಯಲ್ಲಿ ಕೂತು ಹತ್ತಿಯ ಕಸ ಆರಿಸುತ್ತಲೇ ಇದ್ದಳು.

ಅವತ್ತೇ ಮಾನಮ್ಮ ಮ್ಯಾನೇಜರ್ ವಿಶ್ವರಾಧ್ಯನ ಮುಂದೆ ಹೋಗಿ ನಿಂತಳು.

"ಚಪ್ಪಲಿ ಬೇವಿನ ಗಿಡದ ಕೆಳಗ ಬಿಡಸ್ರಿ ಸಾಹೇಬ್ರ. ಮಕ್ತುಂಬಿನ್ನ ಕೈ ಹಿಡದು ಕರಕೊಂಡು ಬರಾಕ ಒಬ್ಬಾಕಿನ್ನ ನೇಮಸ್ರಿ. ಹೇಳದಂಗ ಸೈರನ್ ಹೊಡೀರಿ. ರೂಢಿ ಆಗಬೇಕ್ರಿ."

"ಆತ ಬಿಡು ಮಾನಮ್ಮ, ನಾ ಎಲ್ಲಾ ಬಂದೋಬಸ್ತ್ ಮಾಡ್ತೀನಿ," ಅಂದ ವಿಶ್ವರಾಧ್ಯ.

ಮಾಡಿದ ಬಂದೋಬಸ್ತು ಕೇಳಬೇಕು. ಮುಂದಿನ ಸಲ ಬೆಳಿಗ್ಗೆಯೇ, ತಾಲೀಮಿನಲ್ಲಿ ಹೊರಗೆ ಬಂದವರ ರಜಿಸ್ಟರಿನಲ್ಲಿ ಎಲ್ಲರ ಹೆಬ್ಬೆಟ್ಟು ಒತ್ತಿಸಿಕೊಂಡ. ಯಂತ್ರ ನಿಲ್ಲಿಸಿ, ಚಪ್ಪಲಿ ಮೆಟ್ಟಿಸಿ, ಹೆಂಗಸರನ್ನು ಅಂಗಳದಲ್ಲಿ ಸಾಲಾಗಿ ಕೂರಿಸಿದ. ಆಮೇಲೆ ಸೈರನ್. ಎದ್ದು, ಫೋಟೋಕ್ಕೆಂದು ಕಟ್ಟಿದ ಬ್ಯಾನರ್ ಕಡೆಗೆ ಹತ್ತು ಹೆಜ್ಜೆ ನಡೆದದ್ದಷ್ಟೇ. ಫೋಟೋ ತೆಗೆದು, "ನಲವತ್ತೆರಡು ಮಂದಿ, ಐವತ್ತು ಸೆಕೆಂಡು" ಎಂದು ಬರೆದು, ತಲೆಗೊಂದು ಮಿರ್ಚಿ ಭಜಿಯ ಪೊಟ್ಟಣ ಹಂಚಿದ. ಥೂ, ಮುಖಕ್ಕಿಷ್ಟು ನಾಚಿಕೆಯಾದರೂ ಬೇಡವೇ! ತಾನೂ ಆ ಭಜಿ ತಿಂದೆನಲ್ಲ ಎಂದು ನೆನಪಾದಾಗಲೆಲ್ಲ ಮಾನಮ್ಮನಿಗೆ ಬಾಯಿ ಮುಕ್ಕಳಿಸಬೇಕೆನಿಸುತ್ತಿತ್ತು.

ಊಟದ ಹೊತ್ತಿನಲ್ಲಿ ಆಕೆ ತಾನೇ ಹೆಂಗಸರನ್ನು ಓಡಿಸಿ ತಾಲೀಮು ಮಾಡಿಸಿದಳು. ಚಪ್ಪಲಿ ಎರಡು ದಿನ ಬೇವಿನ ಗಿಡದಡಿ ಹೋದವು. ಮೂರನೇ ದಿನ ಜೊತೆಗೆ ದುಡಿಯುವ ಭಾಗ್ಯಳ ಎಡಗಾಲಿನದನ್ನು ನಾಯಿ ಕಚ್ಚಿಕೊಂಡು ಹೋಯಿತು, ಎಲ್ಲ ಮತ್ತೆ ಹೊಸ್ತಿಲಿಗೇ ಬಂದವು.

"ಸುಮ್ನ ಕುಂತ್ರ ಭಜಿ ಸಿಗತೈತಿ, ನಿನಗ್ಯಾಕಬೇ ಇಲ್ಲದ ಉಸಾಬರಿ?" ಅಂದಳು ಭಾಗ್ಯ.

ಈ ಸುಗ್ಗಿಯಲ್ಲಿ ತಾಲೀಮು ನೋಡಲು ವಿಮೆ ಸಾಹೇಬನೇ ಜೀಪಿನಲ್ಲಿ ಬಂದ. ಮಾನಮ್ಮ ಬೆಳಿಗ್ಗೆ ಎಲ್ಲರಂತೆ ಹೆಬ್ಬೆಟ್ಟು ಒತ್ತಿದಳು. ಉಳಿದವರು ಅಂಗಳಕ್ಕೆ ನಡೆದಾಗ ಮಾತ್ರ ಮಕ್ತುಂಬಿಯ ಕೈ ಹಿಡಿದು ಹತ್ತಿ ರಾಶಿಯ ಹಿಂದೆ ಕೂತುಬಿಟ್ಟಳು. ಎಣಿಕೆಯಲ್ಲಿ ಇಬ್ಬರು ಕಡಿಮೆ ಬೀಳುತ್ತಾರೆ, ಸಾಹೇಬ ಹುಡುಕಿಕೊಂಡು ಒಳಗೆ ಬರುತ್ತಾನೆ, ಮಕ್ತುಂಬಿಯನ್ನು ಕಣ್ಣಾರೆ ನೋಡುತ್ತಾನೆ. ಆಮೇಲೆ ವಿಶ್ವರಾಧ್ಯ ಹೇಗೆ ನುಣುಚಿಕೊಳ್ಳುತ್ತಾನೋ ನೋಡೇಬಿಡೋಣ ಎಂಬುದು ಅವಳ ಹಟ.

ಸೈರನ್ ಹೊಡೆಯಿತು. ಚಪ್ಪಾಳೆ ಕೇಳಿಸಿತು. ಭಜಿಯ ವಾಸನೆ ಒಳಗೆ ಬಂತು, ಮನುಷ್ಯರು ಯಾರೂ ಬರಲಿಲ್ಲ.

"ಯಾರ ಬರ್ತಾರಂತ ಕುಂತೀವಕ್ಕಾ?" ಎಂದು ಮಕ್ತುಂಬಿ ಕೇಳಿದಳು. ಮಾನಮ್ಮ ತಡಿ ಎಂದು ಕೈಸನ್ನೆ ಮಾಡಿದಳು. ಅರ್ಧ ತಾಸಿನ ಮೇಲೆ ಜೀಪು ಶುರುವಾಗಿ, ಗೇಟು ದಾಟಿ ಹೋಯಿತು.

ಹೊರಗೆ ವಿಶ್ವರಾಧ್ಯನ ದನಿ ಏರಿತು. "ಎರಡ ಪೊಟ್ಟಣ ಹೆಂಗ ಉಳದ್ವು? ಬರೋಬ್ಬರಿ ನಲವತ್ತೆರಡ ತರಸೇನಿ. ಭಾಗ್ಯ, ಇನ್ನೊಮ್ಮಿ ಎಣಸು."

"ಎರಡ ಸಲ ಎಣಸೇನ್ರಿ. ನಲವತ್ತ ಹೋಗ್ಯಾವ, ಎರಡ ಉಳದಾವ."

ಮಾನಮ್ಮ ಎದ್ದಳು. ಮಕ್ತುಂಬಿಯನ್ನು ಎಬ್ಬಿಸಿ, ಬರಿಗಾಲಲ್ಲೇ ಅಂಗಳಕ್ಕೆ ಬಂದಳು. ವಿಶ್ವರಾಧ್ಯನ ಮುಖ ಹಗುರಾಯಿತು.

"ಹಾಂ, ಇವರಿಬ್ರವು ನೋಡು. ತಗೋ ಮಾನಮ್ಮ, ಆರಿ ಹೋಗ್ತಾವ."

"ನಾವಿಬ್ರು ಒಳಗ ಸುಟ್ಟು ಸತ್ತು ಅರ್ಧಾ ತಾಸ ಆತ್ರಿ ಸಾಹೇಬ್ರ," ಅಂದಳು ಮಾನಮ್ಮ. "ಅವು ನಿಮ್ಮ ಕಡೇನ ಇರ್ಲಿ. ಮೂರ ದಿನಕ್ಕ ನಮಗ ಎಡಿ ಇಡಾಕ ಬರ್ತಾವ."

ಹೆಂಗಸರು ಅಗಿಯುವುದನ್ನು ನಿಲ್ಲಿಸಿದರು. ಭಾಗ್ಯ ಕೈಯಲ್ಲಿದ್ದುದನ್ನು ಕೆಳಗಿಟ್ಟಳು. ಮಕ್ತುಂಬಿಗೆ ಮಾತ್ರ ಇದೊಂದೂ ಕೇಳಿಸಲಿಲ್ಲ. ಆಕೆ ನಗುತ್ತ ಮುಂದೆ ಬಂದು, ಕೈಚಾಚಿ ತನ್ನ ಪೊಟ್ಟಣ ತಗೊಂಡಳು.