ನಲವತ್ತು ದಾಟದ ಮುಳ್ಳು

ಕಲಬುರಗಿಯ ಅರ್ಧ ಊರು ನಮ್ಮಪ್ಪನನ್ನು ‘ಚಾಲೀಸ್ ಮಾಸ್ತರ’ ಎಂದು ಕರೆಯುತ್ತಿತ್ತು. ಇನ್ನರ್ಧ ಊರಿಗೆ ಅಪ್ಪ ಗೊತ್ತಿರಲಿಲ್ಲ, ಅಷ್ಟೇ. ಚಾಲೀಸ್ ಎಂದರೆ ನಲವತ್ತು. ಆ ಹೆಸರು ಬಂದದ್ದು ಅವನ ಕಾರಿನಿಂದ.

ಎಂಬತ್ತರ ದಶಕದ ಶುರುವಿನಲ್ಲಿ, ಊರು ಬಿಟ್ಟು ಹೊರಟಿದ್ದ ಡಾಕ್ಟರೊಬ್ಬರಿಂದ ಅಪ್ಪ ಹಳೆಯ ಕಾರೊಂದನ್ನು ಕೊಂಡ. ಗುಂಡನೆಯ ಬಾನೆಟ್ಟು, ತಿಜೋರಿಯ ಬಾಗಿಲಿನಂಥ ಬಾಗಿಲು, ಬೀಸುವ ಕಲ್ಲಿನ ಸದ್ದು. ಕಾರು ಮನೆಗೆ ಬಂದ ದಿನ ಅವ್ವ ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ಅಡ್ಡ ನಿಂತಳು.

“ಗಾಡಿ ಬರಲಿ, ಬ್ಯಾಡ ಅನ್ನಂಗಿಲ್ಲ. ಆದರ ನಲವತ್ತು ದಾಟಂಗಿಲ್ಲ ಅಂತ ದೇವರ ಮುಂದ ಆಣಿ ಮಾಡ್ರಿ,” ಎಂದಳು.

ಅಪ್ಪ ವಾದ ಮಾಡಲಿಲ್ಲ. ದೇವರ ಮನೆಯಲ್ಲಿ ಕೈ ಮುಗಿದು, “ನನ್ನ ಗಾಡಿ ಮುಳ್ಳು ನಲವತ್ತು ದಾಟೂದಿಲ್ಲ, ಸಾಕಾ?” ಎಂದ. ಮಾತಿಗೆ ತಪ್ಪಲೂ ಇಲ್ಲ. ಅವ್ವನ ತವರು ಕಮಲಾಪುರ. ತಿಂಗಳಿಗೊಮ್ಮೆಯಾದರೂ ನಮ್ಮ ಸವಾರಿ ಅಲ್ಲಿಗೆ ಹೊರಡುತ್ತಿತ್ತು. ಅವ್ವ ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡುತ್ತಿರಲಿಲ್ಲ, ವೇಗದ ಮುಳ್ಳು ನೋಡುತ್ತಿದ್ದಳು. ಅದು ನಲವತ್ತರ ಹತ್ತಿರ ಬಂದರೆ ಸಾಕು, ಕೆಮ್ಮುತ್ತಿದ್ದಳು. ಅಪ್ಪ ಕಾಲು ಸಡಿಲಿಸುತ್ತಿದ್ದ. ಆದರೂ ನಾವು ನಮ್ಮ ಸೋದರಮಾವ ಅಂದುಕೊಂಡದ್ದಕ್ಕಿಂತ ಬೇಗ ಮುಟ್ಟಿರುತ್ತಿದ್ದೆವು. ಅದು ಹೇಗೆಂದು ಮಾವ ಕೇಳಿದರೆ ಅಪ್ಪ, “ನಮ್ಮ ಗಾಡಿಗೆ ಕಮಲಾಪುರ ಹತ್ರ ಅದ,” ಎಂದು ಮೀಸೆಯಲ್ಲೇ ನಗುತ್ತಿದ್ದ. ಚೇಷ್ಟೆಯ ಮಾತು ಎಂದು ನಾವೂ ನಗುತ್ತಿದ್ದೆವು.

ಪ್ರತಿ ದಸರೆಯ ಖಂಡೇನವಮಿಗೆ ಕಾರಿಗೆ ಪೂಜೆ. ಚಕ್ರದಡಿ ನಿಂಬೆಹಣ್ಣು, ಬಾನೆಟ್ಟಿಗೆ ಚೆಂಡುಹೂವಿನ ಮಾಲೆ, ವೇಗದ ಮುಳ್ಳಿರುವ ಗಾಜಿನ ಕೆಳಭಾಗಕ್ಕೆ ಗಂಧ, ಅದರ ಮೇಲೆ ಕುಂಕುಮ. ಹಬ್ಬ ಮುಗಿದರೆ ಹೂ ಬಾಡುತ್ತಿತ್ತು. ಗಂಧ ಮಾತ್ರ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಯಿತು. ಪೂಜೆಯ ಗಂಧವನ್ನು ಅರಿವೆ ತೊಗೊಂಡು ಒರೆಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗಿತ್ತು?

ಅಪ್ಪ ಹೋದ ಮೇಲೆ ಕಾರು ನನಗೆ ಬಂತು. “ಅಕಿಗೇ ಕೊಡ್ರಿ, ಅಕಿ ಓಡಸ್ತಾಳ,” ಎಂದು ಅವನೇ ಹೇಳಿಟ್ಟಿದ್ದ. ನನಗೆ ಗೇರು, ಕ್ಲಚ್ಚು ಕಲಿಸಿದವನೂ ಅವನೇ. ಅವ್ವ ಕಮಲಾಪುರದ ತನ್ನ ಅಣ್ಣನ ತುಂಬಿದ ಮನೆಗೆ ಹೋಗಿ, ಅಲ್ಲಿನ ಸೊಸೆಯಂದಿರ ಮೇಲೆ ದರ್ಬಾರು ನಡೆಸತೊಡಗಿದಳು. ನಾನು ಸ್ಟೇಶನ್ ಬಜಾರದ ಹಿಂದಿನ ಓಣಿಯ ಸೊಸೆ. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಕಾರಿನಲ್ಲಿ ಶಾಲೆಗೆ ಹೊರಟರೆ ಆಟೋದವರು, “ಚಾಲೀಸ್ ಮಾಸ್ತರನ ಮಗಳು ಬಂದ್ಳು, ಸರೀರೋ!” ಎಂದು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸತ್ತ ಮೇಲೂ ಬಿಡಲಿಲ್ಲವಲ್ಲ ನಮ್ಮಪ್ಪನನ್ನು!

ರವಿವಾರ ಮುಂಜಾನೆ ನಮ್ಮ ಮನೆ ಕಟ್ಟೆಯ ಮೇಲೆ ಗಾಡಿ ಹುಚ್ಚರ ಸಭೆ ಸೇರುತ್ತಿತ್ತು. ಸಭೆ ಎಂದರೆ ಮೂವರು. ನಮ್ಮ ಯಜಮಾನರು, ಅವರ ತಮ್ಮ ಅಂದರೆ ನನ್ನ ಮೈದುನ, ಮತ್ತು ಯಜಮಾನರ ಹಳೆಯ ದೋಸ್ತರೊಬ್ಬರು. ದೋಸ್ತರು ಗಲ್ಫಿನಲ್ಲಿ ಬಹಳ ಕಾಲ ಡ್ರೈವರಾಗಿದ್ದು ಬಂದು, ಬಜಾರದಲ್ಲಿ ಟಾಯರಿನ ಅಂಗಡಿ ಹಾಕಿದ್ದರು. ನನಗೆ ಅವರು ಭಾಯಿ, ಅವರಿಗೆ ನಾನು ಭಾಭಿ, ಮೈದುನನಿಗೆ ವೈನಿ. ಮೈದುನ ಆಗಷ್ಟೇ ಹೊಸದೊಂದು ಪುಟ್ಟ ಕಾರು ತಂದಿದ್ದ. ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆಯದೆ ಅದರ ಮೇಲೇ ಜಾರುತ್ತ ಓಡಾಡುತ್ತಿದ್ದ. ತೊಂಬತ್ತರ ದಶಕದ ಮೊದಲಲ್ಲಿ, ದಸರಾ ಕಳೆದ ಒಂದು ರವಿವಾರ, ನಾನು ಚುರುಮುರಿ ಸುಸಲಾ, ಮಿರ್ಚಿ ಭಜಿ ಕೊಟ್ಟು ಬಾಗಿಲಲ್ಲಿ ನಿಂತಿದ್ದೆ.

“ಜರ್ಮನಿಯೊಳಗ ಹೈವೇಕ್ಕ ಲಿಮಿಟ್ಟೇ ಇಲ್ಲಂತ,” ಎಂದ ಮೈದುನ. “ಎಷ್ಟರ ಓಡಸ್ರಿ, ಯಾರೂ ಕೇಳಂಗಿಲ್ಲ.”

“ಎಲ್ಲಾ ಕಡೆ ಹಂಗಿಲ್ಲ,” ಎಂದರು ಭಾಯಿ. “ನಾ ಇದ್ದಲ್ಲಿ ನೂರಾ ಇಪ್ಪತ್ತು. ದಾಟಿದ್ರ ಗಾಡಿ ಒಳಗ ಗಂಟಿ ಬಡೀತಿತ್ತು, ಟಿಂಗ್ ಟಿಂಗ್ ಟಿಂಗ್. ಕಾಲು ತೆಗೆಯೋತನಕ ಬಿಡ್ತಿದ್ದಿಲ್ಲ.”

“ನಮ್ಮಲ್ಲಿ ಗಂಟಿ ಯಾಕ ಬೇಕು?” ಎಂದರು ಯಜಮಾನರು. “ಮಹಾಗಾಂವ ಕ್ರಾಸಿನ್ಯಾಗ ಎಮ್ಮಿ ಅಡ್ಡ ನಿಂತ್ರ ಜರ್ಮನಿಯವನೂ ನಿಂದರಬೇಕು.”

“ಇಂಗ್ಲಂಡದಾಗ ಎಪ್ಪತ್ತು,” ಎಂದರು ಭಾಯಿ. “ಅಮೆರಿಕಾದಾಗ ಭಾಳ ವರ್ಷ ಐವತ್ತೈದ ಇತ್ತು.”

ಮೈದುನ ಭಜಿಯನ್ನು ಕೈಯಲ್ಲಿ ಹಿಡಿದೇ ನಕ್ಕ. “ಐವತ್ತೈದು! ಅಷ್ಟು ದೊಡ್ಡ ದೇಶ, ಬರೇ ಐವತ್ತೈದು! ಹಂಗಾದ್ರ ನಮ್ಮ ವೈನಿ ಅಮೆರಿಕಾದವ್ರೇ ಬಿಡ್ರಿ. ಇನ್ನ ಸ್ವಲ್ಪ ಜಗ್ಗಿದ್ರ ಮುಟ್ಟೇಬಿಡ್ತಾರ!”

“ಅರೆ ಸುನೋ ತೋ, ಅಲ್ಲಿ ಲೆಕ್ಕ...” ಎಂದು ಭಾಯಿ ಏನೋ ಹೇಳಹೊರಟರು. ಅಣ್ಣತಮ್ಮಂದಿರ ನಗೆಯಲ್ಲಿ ಅವರ ಮಾತು ಯಾರಿಗೂ ಕೇಳಲಿಲ್ಲ.

ನಗು ಮುಗಿಸಿ ಯಜಮಾನರು ನನ್ನ ಕಡೆ ತಿರುಗಿದರು. “ಇಲ್ಲಿ ಕೇಳು. ನಾಳೆ ಗುಜರಿಯವ ಬರ್ತಾನ. ಆ ಗಾಡಿ ಕೊಟ್ಟುಬಿಡೂಣು. ನಲವತ್ತು ದಾಟಂಗಿಲ್ಲ, ಪೆಟ್ರೋಲ್ ಮಾತ್ರ ಎಮ್ಮಿ ನೀರು ಕುಡದಂಗ ಕುಡೀತದ.”

ನನ್ನನ್ನೊಂದು ಮಾತು ಕೇಳದೆ ಗುಜರಿಯವನಿಗೆ ಹೇಳಿಯೂ ಬಂದಿದ್ದರು!

“ಅದು ನಮ್ಮಪ್ಪನ ಗಾಡಿ,” ಎಂದೆ. “ಅದನ್ನ ಗುಜರಿಗೆ ಹಾಕೂದಾದ್ರ ಮೊದಲ ನನ್ನ ಹಾಕ್ರಿ.”

“ಸಿಟ್ಟಾಗಬ್ಯಾಡ. ಓಡೂ ಗಾಡಿ ಆಗಿದ್ರ ನಾ ಯಾಕ ಬ್ಯಾಡ ಅಂತಿದ್ದೆ? ಹೈವೇ ಮ್ಯಾಗ ಒಮ್ಮೆ ಅರವತ್ತರಾಗ ಓಡಿಸಿ ತೋರಿಸು. ಗಾಡಿ ನಿಂದು. ಮತ್ತ ಆ ಮಾತ ಎತ್ತಂಗಿಲ್ಲ.”

“ಯಾವಾಗೋ ಯಾಕ? ಈಗ ನಡೀರಿ ಕಮಲಾಪುರಕ್ಕ. ಭಾಯಿ, ನೀವು ಮುಂದ ಕೂಡ್ರಿ, ಮುಳ್ಳು ನೋಡಾಕ,” ಎಂದು ತಟ್ಟೆಗಳನ್ನು ಅಲ್ಲೇ ಬಿಟ್ಟು ಕೀಲಿ ತಂದೆ. ಹೈವೇಯಲ್ಲಿ ನಾನು ಒಮ್ಮೆಯೂ ಕಾರು ಓಡಿಸಿರಲಿಲ್ಲ. ಅದು ನೆನಪಾದದ್ದು ಗಾಡಿ ಚಾಲೂ ಮಾಡಿದ ಮೇಲೆ.

“ನಾ ನನ್ನ ಗಾಡ್ಯಾಗ ಹಿಂದ ಬರ್ತೀನಿ ವೈನಿ,” ಎಂದ ಮೈದುನ. “ಉದುರಿದ ಬೋಲ್ಟು ಆರಿಸ್ಕೊಂಡು ಬರಾಕ ಒಬ್ಬರು ಬೇಕಲ್ಲ.”

ಊರು ದಾಟಿದೆವು. ಎರಡೂ ಕಡೆ ತೊಗರಿ ಹೊಲ, ನಡುವೆ ನೆಟ್ಟಗೆ ರಸ್ತೆ. ಕಾಲೊತ್ತಿದೆ. ಮುಳ್ಳು ಮೂವತ್ತಕ್ಕೆ ಬಂತು, ಮೂವತ್ತೈದಕ್ಕೆ ಬಂತು. ನಲವತ್ತಕ್ಕೆ ಬಂದಾಗ, ಕಮಲಾಪುರದಲ್ಲಿರುವ ಅವ್ವ ನನ್ನ ಕಿವಿಯಲ್ಲಿ ಕೆಮ್ಮಿದಳು. ಕಾಲು ತಾನಾಗಿಯೇ ಸಡಿಲವಾಯಿತು.

“ಭಾಭಿ, ಡರೋ ನಕ್ಕೋ, ಅಂಜಬ್ಯಾಡ್ರಿ,” ಎಂದರು ಭಾಯಿ. “ಒತ್ರಿ.”

ಒತ್ತಿದೆ. ಬಾಗಿಲುಗಳು ಗಡಗಡ ಎಂದವು. ಸೀಟಿನ ಕೆಳಗೆ ಬೋಲ್ಟು ಬಿಚ್ಚುವ ಯಾವುದೋ ಪಾನಾ ಕುಣಿಯತೊಡಗಿತು. ಹಿಂದಿನ ಸೀಟಿನಲ್ಲಿದ್ದ ಯಜಮಾನರು ನನ್ನ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮುಂದೊಂದು ಬಸ್ಸು ಹೋಗುತ್ತಿತ್ತು; ಹಾರ್ನು ಹೊಡೆದು ಅದನ್ನು ಹಿಂದೆ ಹಾಕಿದೆ. ಮಹಾಗಾಂವ ಕ್ರಾಸು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ನನ್ನ ಕಣ್ಣು ರಸ್ತೆಯಿಂದ ಮುಳ್ಳಿಗೆ, ಮುಳ್ಳಿನಿಂದ ರಸ್ತೆಗೆ. ಆ ಹಾಳು ಮುಳ್ಳು ನಲವತ್ತೈದಕ್ಕೆ ಬಂದು ನಿಂತದ್ದು ನಿಂತೇಬಿಟ್ಟಿತು. ಬೈದೆ, ಬೇಡಿಕೊಂಡೆ, ಕಾಲನ್ನು ಪೂರ್ತಿ ಊರಿದೆ. ಏಳಲಿಲ್ಲ.

ಕಮಲಾಪುರ ಬಂತು. ಮಾವನ ಮನೆಯ ಮುಂದೆ, ಕೆಂಪು ಬಾಳೆಹಣ್ಣಿನ ಬಂಡಿಯ ಪಕ್ಕ ಗಾಡಿ ನಿಲ್ಲಿಸಿ ಸ್ಟೇರಿಂಗಿಗೆ ಹಣೆ ಹಚ್ಚಿದೆ. ಅಳು ಬಂದೇಬಿಟ್ಟಿತು.

“ನಲವತ್ತೈದು. ಅದರ ಮ್ಯಾಲ ಏಳಲಿಲ್ಲ. ತೊಗೊಂಡು ಹೋಗ್ಲಿ ನಿಮ್ಮ ಗುಜರಿಯವ,” ಎಂದೆ.

ಅಷ್ಟರಲ್ಲಿ ಮೈದುನನ ಕಾರು ಬಂದು ನಿಂತಿತು. ಅವನು ಬಾಗಿಲು ಹಾಕುವುದನ್ನೂ ಮರೆತು ಓಡಿ ಬಂದ.

“ವೈನಿ! ನಿಮಗ ಏನ್ ಹುಚ್ಚು ಹಿಡದದೇನ್ರಿ? ನನ್ನ ಮುಳ್ಳು ಎಪ್ಪತ್ತರ ಮ್ಯಾಲಿತ್ತು, ಆದ್ರೂ ನೀವು ಮುಂದ ಮುಂದ!”

ನನಗೆ ಸಿಟ್ಟು ನೆತ್ತಿಗೇರಿತು. “ಅಣಕಸಬ್ಯಾಡ! ಸೋತವ್ರನ್ನ ಅಣಕಸೂದು ಭಾಳ ಸಸಾರ.”

“ಅಣಕ ಅಲ್ರೀ, ದೇವರಾಣಿ! ಎಪ್ಪತ್ತು ದಾಟಿತ್ತು!”

ಭಾಯಿ ಇಬ್ಬರ ಮುಖವನ್ನೂ ನೋಡಿದರು. ಆಮೇಲೆ ಬಗ್ಗಿ ನನ್ನ ಕಾರಿನ ಗಾಜನ್ನು ನೋಡಿದರು. ಬೆರಳು ಚಾಚಿ, ಮುಟ್ಟದೆ ಹಿಂದೆ ತೆಗೆದರು.

“ಭಾಭಿ, ಇದು ಪೂಜಾದ್ದು. ನಾ ಕೈ ಹಚ್ಚಂಗಿಲ್ಲ. ಇದರ ಕೆಳಗ ಏನೋ ಬರದಾರ. ನೀವ ಸ್ವಲ್ಪ ಒರಸ್ತೀರೇನು?”

ಸೆರಗಿನ ತುದಿ ನೀರಿನಲ್ಲಿ ತೋಯಿಸಿ ತಿಕ್ಕಿದೆ. ಈ ವರ್ಷದ ಗಂಧ ಹೋಯಿತು, ಹೋದ ವರ್ಷದ್ದು ಹೋಯಿತು, ಅಪ್ಪನ ಕಾಲದ್ದು ಉಗುರಿನಿಂದ ಕೆರೆದರೂ ಬರಲೊಲ್ಲದು. ಕೊನೆಗೆ ಮೂರು ಸಣ್ಣ ಇಂಗ್ಲಿಷ್ ಅಕ್ಷರ ಕಂಡವು. ಎಂ, ಪಿ, ಎಚ್.

“ಮೈಲು!” ಎಂದು ಭಾಯಿ ತೊಡೆ ತಟ್ಟಿದರು. “ಇದು ಕಿಲೋಮೀಟರಿನ ಮುಳ್ಳಲ್ಲ ಸಾಬ್, ಮೈಲಿನ ಮುಳ್ಳು! ಅಮೆರಿಕಾದ ಐವತ್ತೈದೂ ಮೈಲೇ. ಮುಂಜಾನೆ ಹೇಳಾಕ ಹೋದ್ರ ಬಿಟ್ರೇನು ನೀವು?”

ನಾನು ಗಣಿತದ ಟೀಚರು. ಮೈಲಿಗೆ ಒಂದೂವರೆ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಲೆಕ್ಕ ಮಾಡುತ್ತ ಮಾಡುತ್ತ ನನ್ನ ದನಿ ಏರಿತು. “ನಲವತ್ತೈದು ಅಂದ್ರ ಎಪ್ಪತ್ತೆರಡು! ಕೇಳಿಸ್ತಾ? ಎಪ್ಪತ್ತೆರಡು! ಓಡಿದ ದೂರದ ಅಂಕೀನೂ ಮೈಲಿಂದೇ. ನಿಮಗ ಪೆಟ್ರೋಲ್ ಹೆಚ್ಚು ಕುಡದಂಗ ಕಂಡಿದ್ದು ಅದಕ್ಕ!” ಬಾಳೆಹಣ್ಣಿನವನು ಹಣ್ಣು ತೂಗುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ. ನೋಡಲಿ ಬಿಡು ಎಂದುಕೊಂಡೆ.

ಯಜಮಾನರು ಕಾರಿಳಿದು ಎರಡೂ ಕೈ ಎತ್ತಿದರು. “ಮುಗೀತು. ಗಾಡಿ ನಿಂದು. ಗುಜರಿಯವಗ ನಾನ ಹೇಳ್ತೀನಿ.”

ಗದ್ದಲ ಕೇಳಿ ಅವ್ವ ಹೊರಗೆ ಬಂದಳು. ನಾನು ಅವಳ ರಟ್ಟೆ ಹಿಡಿದು ಕಾರಿನ ಹತ್ತಿರ ಎಳೆದುತಂದೆ. “ಅವ್ವಾ, ನಮ್ಮಪ್ಪ ಅಂಜುಬುರುಕ ಅಲ್ಲ! ನಲವತ್ತರಾಗ ಅಲ್ಲ, ಅರವತ್ನಾಕರಾಗ ಓಡಸ್ತಿದ್ದ. ಗಂಧ ಮುಚ್ಚಿ ಯಾರಿಗೂ ತಿಳೀಲಿಲ್ಲ. ಪಾಪ, ಅವನಿಗೂ ತಿಳೀಲಿಲ್ಲ.”

ಅವ್ವ ಕನ್ನಡಕ ಸರಿಮಾಡಿಕೊಂಡು ಆ ಅಕ್ಷರಗಳನ್ನು ನೋಡಿದಳು.

“ಅವರಿಗೆ ತಿಳೀಲಿಲ್ಲ ಅಂತೀ?” ಎಂದಳು. “ಖಂಡೇನವಮಿಗೆ ಚಕ್ರದ ಪೂಜಾ ನಂದು, ಹೂ ನಂದು, ಆರತಿ ನಂದು. ಈ ಗಾಜಿಗೆ ಗಂಧ ಹಚ್ಚೂದು ಮಾತ್ರ ಒಮ್ಮೆನೂ ನನಗ ಬಿಡಲಿಲ್ಲ. ತಾವ ಹಚ್ತಿದ್ರು. ಅದೂ ಎಷ್ಟು ದಪ್ಪ! ಆಣಿ ಮಾಡಿದ ದಿನ ದೇವರ ಮನಿಯಿಂದ ಗಂಧದ ಬಟ್ಟಲಾ ತೊಗೊಂಡು ಸೀದಾ ಗಾಡಿ ಕಡೆ ಹೋದ್ರು. ಎಷ್ಟು ಭಕ್ತಿ ಅದ ಇವರಿಗೆ ಅಂದ್ಕೊಂಡಿದ್ದೆ ನಾನು!”

ಅವ್ವನ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ಇಲ್ಲ, ನಗುತ್ತಿದ್ದಳು. ಮಾವನ ಮನೆಯ ಮೆಟ್ಟಿಲ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

“ಕಳ್ಳ! ಬರೇ ಕಳ್ಳ! ಅಷ್ಟು ವರ್ಷ ಕೆಮ್ಮಿ ಕೆಮ್ಮಿ ನನ್ನ ಗಂಟಲಾ ಹರದು ಹೋತಲ್ಲೋ ಯಪ್ಪಾ!”

ನನ್ನ ಖುಷಿಗೆ ಮಿತಿಯೇ ಇರಲಿಲ್ಲ. ಅರ್ಧ ಊರು ನಗುತ್ತಿದ್ದಾಗ ನಮ್ಮಪ್ಪ ಆ ಊರನ್ನೆಲ್ಲ ನೋಡಿ ಒಳಗೊಳಗೇ ನಗುತ್ತಿದ್ದ. ಆಣೆಯನ್ನೂ ಉಳಿಸಿಕೊಂಡಿದ್ದ, ವೇಗವನ್ನೂ ಉಳಿಸಿಕೊಂಡಿದ್ದ. ಭಾಯಿ ಕಾರಿನ ಬಾನೆಟ್ಟಿಗೆ ಕೈ ಎತ್ತಿ ಸಲಾಮು ಹೊಡೆದರು. ಮೈದುನ ತಾನೇ ಹೋಗಿ ಕೆಂಪು ಬಾಳೆಹಣ್ಣು ತಂದು ನನ್ನ ಕೈಗಿಟ್ಟ. ಬೋಲ್ಟು ಎಷ್ಟು ಸಿಕ್ಕವು ಎಂದು ಕೇಳಿದೆ. ತಲೆ ಕೆರೆದುಕೊಂಡ.

ಊಟ ಮುಗಿಸಿ ಹೊರಡುವಾಗ ಅವ್ವ ದೇವರ ಮನೆಯಿಂದ ಗಂಧದ ಬಟ್ಟಲು ತಂದಳು. ಮೂರು ಅಕ್ಷರಗಳ ಮೇಲೆ ತಾನೇ ದಪ್ಪಗೆ ಮೆತ್ತಿ, ಕುಂಕುಮ ಇಟ್ಟಳು.

“ಈಗ ನೀನೂ ಆಣಿ ಮಾಡು, ನಲವತ್ತು ದಾಟಂಗಿಲ್ಲ ಅಂತ,” ಎಂದಳು. ಮುಖ ಗಂಭೀರವಾಗಿತ್ತು, ಕಣ್ಣು ನಗುತ್ತಿದ್ದವು.

“ಮುಳ್ಳು ದಾಟೂದಿಲ್ಲ ಅವ್ವಾ,” ಎಂದೆ.

ತಿರುಗಿ ಬರುವಾಗ ಮಹಾಗಾಂವ ಕ್ರಾಸಿನಲ್ಲಿ ಎಮ್ಮೆಗಳು ಇರಲಿಲ್ಲ. ರಸ್ತೆ ಖಾಲಿ ಇತ್ತು. ಕನ್ನಡಿಯಲ್ಲಿ ಮೈದುನನ ಹೊಸ ಕಾರು ಸಣ್ಣದಾಗುತ್ತ ಬಂತು. ಯಜಮಾನರು ಹಿಂದಿನಿಂದ ಸೀಟು ಗಟ್ಟಿಯಾಗಿ ಹಿಡಿದು, “ಏ, ಸ್ವಲ್ಪ ನಿಧಾನ!” ಎಂದರು.

“ಬೇಕಾದ್ರ ಬಗ್ಗಿ ನೋಡ್ರಿ,” ಎಂದೆ. “ನಲವತ್ತು ದಾಟಿಲ್ಲ.”