ದೊಡ್ಡ ಕಥೆಗಳನ್ನು ನಂಬದ ಮೇಡಂ

ಎಡಗಿವಿ ಕೇಳಿಸದ ಕಾರಣ, ಎದುರಿನವರು ಬಾಯಿ ತೆರೆದೊಡನೆ ನಮ್ಮ ಮೇಡಂ ಬಲಗಿವಿಯ ಮೇಲಿನ ಸೆರಗು ಸರಿಸಿ, ಅಂಗೈಯನ್ನು ದೊನ್ನೆಯಂತೆ ಮಾಡಿ ಹಿಡಿಯುತ್ತಿದ್ದರು. ಅಷ್ಟು ಗಮನ ಕೊಟ್ಟು ಕೇಳುವವರ ಮುಂದೆ ಸುಮ್ಮನೆ ಹರಟುವುದು ಕಷ್ಟ. ನಾನಂತೂ ಹೇಳಬೇಕಾದ್ದನ್ನು ಮನೆಯಲ್ಲೇ ಅಂದು ನೋಡಿಕೊಂಡು ಹೋಗುತ್ತಿದ್ದೆ. ಹೇಳಿದ ಮೇಲೆ ತಪ್ಪಾಯಿತೇನೋ ಎಂದು ಬೆವರುತ್ತಿದ್ದೆ.

ರೋಣದ ಕಾಲೇಜಿನಲ್ಲಿ ನನಗೆ ತತ್ತ್ವಶಾಸ್ತ್ರ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಗಜೇಂದ್ರಗಡದ ತಮ್ಮ ಮನೆಯ ಪಡಸಾಲೆಯಲ್ಲಿ ಭಾನುವಾರ ನಾಲ್ಕಾರು ಜನರನ್ನು ಕೂಡಿಸಿಕೊಂಡು ಓದಿಸುತ್ತಿದ್ದರು. ಆ ವರ್ಷ ಆಧುನಿಕೋತ್ತರ ಚಿಂತನೆ ಹಿಡಿದಿದ್ದರು. ಹೆಸರು ಕೇಳಿಯೇ ನರಗುಂದದ ವಕೀಲರೊಬ್ಬರು ಬರುವುದನ್ನು ಬಿಟ್ಟರು. ನಾನು ಬಿಡಲಿಲ್ಲ, ಬಿಟ್ಟರೆ ಮೇಡಂ ಏನಂದುಕೊಳ್ಳುತ್ತಾರೋ ಎಂಬ ಚಿಂತೆ.

"ಭಾಳ ಏನಿಲ್ಲೋ," ಎನ್ನುತ್ತಿದ್ದರು, ಚಹಾ ಸೋಸುತ್ತ. "ಎಲ್ಲಾರ ಬಾಳೇವೂ ಒಂದ ಕಥಿಯೊಳಗ ಹಿಡಸ್ತೀನಿ ಅನ್ನಾವ್ರು ಬಂದ್ರ, ತುಸು ತಡೀರಿ ಅನ್ನೂದು. ಅದು ಧರ್ಮದ ಕಥಿ ಇರಲಿ, ಪ್ರಗತಿ ಕಥಿ ಇರಲಿ."

"ಹಂಗಾದ್ರ ಎಲ್ಲಾನೂ ಖರೇ ಏನ್ರಿ ಮೇಡಂ?"

"ಹಂಗ ಬರದ್ರ ಸೊನ್ನಿ ಹಾಕ್ತೀನಿ. ಯಾರಿಗೆ ನೋವಾಗ್ತದ, ಯಾರ ಬಾಯಿ ಮುಚ್ಚತದ, ಅದನ್ನ ಕೇಳೂದು ಬಿಟ್ಟಿ ಅಂದ್ರ ನೀ ಏನೂ ಓದಿಲ್ಲ."

ಆ ಪಾಠ ನನ್ನ ಮನೆಗೇ ಬಂತು. ಎದೆನೋವೆಂದು ನನ್ನನ್ನು ಹುಬ್ಬಳ್ಳಿಯ ದವಾಖಾನೆಗೆ ಸೇರಿಸಿದ್ದಾಗ ಸೂಡಿಯಲ್ಲಿದ್ದ ಅವ್ವ ಅಲಾಯಿ ದೇವರಿಗೆ ಹರಕೆ ಹೊತ್ತಿದ್ದಳು: ಮಗ ಉಳಿದರೆ ಮೊಹರಮ್ಮಿಗೆ ಫಕೀರನಾಗುತ್ತಾನೆ. ನಮ್ಮ ಕಡೆ ಹಿಂದೂ ಮನೆಗಳಲ್ಲೂ ಇದುಂಟು. ಕೊರಳಿಗೆ ಕೆಂಪು ಲಾಡಿ ಕಟ್ಟಿಕೊಂಡು ಐದು ಮನೆ ಬೇಡಿ ತರಬೇಕು. ಆದರೆ ಹಾಗೆ ಆಗುವವರು ಹೆಚ್ಚಾಗಿ ಸಣ್ಣ ಮಕ್ಕಳು. ಹೊಟ್ಟೆ ಬಂದ, ಕೂದಲು ಉದುರಿದ, ವಿಚಾರವಾದಿ ಎಂದು ಊರಲ್ಲಿ ತುಸು ಹೆಸರು ಕೆಡಿಸಿಕೊಂಡ ಹೈಸ್ಕೂಲು ಮಾಸ್ತರರಲ್ಲ. ನಾನು ಒಲ್ಲೆ ಎಂದೆ. ಅವ್ವ ಜಗಳವಾಡಲಿಲ್ಲ.

"ಹೊತ್ತಾಕಿ ನಾನು. ಹರಕಿ ತೀರಿಸದೆ ತುತ್ತು ಹ್ಯಾಂಗ ಇಳೀತದೋ?" ಎಂದವಳು ದಿನದಿಂದ ದಿನಕ್ಕೆ ಊಟ ಕಡಿಮೆ ಮಾಡುತ್ತ ಬಂದಳು.

ಮೇಡಂ ಹತ್ತಿರ ಹೇಳಿಕೊಂಡೆ. ಮೂಢನಂಬಿಕೆಗೆ ಸೋಲಬೇಡ ಅಂದಾರು ಎಂಬ ಆಸೆಯಿತ್ತು.

"ನನ್ನ ತಮ್ಮನೂ ಇದು ಬ್ಯಾಡ ಅಂತಾನ, ನಮ್ಮ ಇಸ್ಲಾಂ ಧರ್ಮದಾಗ ಇಲ್ಲ ಅಂತ. ನೀನೂ ಬ್ಯಾಡ ಅಂತಿ, ವಿಜ್ಞಾನದಾಗ ಇಲ್ಲ ಅಂತ. ಇಬ್ಬರ ಕೈಯಾಗೂ ಒಂದೊಂದು ದೊಡ್ಡ ಕಥಿ. ನಡುವ ನಿಮ್ಮವ್ವ ಉಪಾಸ."

"ನನಗ ನಂಬಿಕಿ ಇಲ್ಲಲ್ರಿ?"

"ನಂಬು ಅಂತ ಕೇಳ್ಯಾಳೇನು? ಬೇಡಿಕೊಂಡು ಬಾ ಅಂದಾಳ, ಅಷ್ಟ."

ಲಾಡಿ ಕಟ್ಟಿಕೊಂಡು ಹೆಗಲಿಗೆ ಜೋಳಿಗೆ ಹಾಕಿಕೊಂಡೆ. ವಿದ್ಯಾರ್ಥಿಗಳು ಕಂಡಾರೆಂದು ಆ ಸೆಕೆಯಲ್ಲಿ ಮೇಲೆ ಮಫ್ಲರ್ ಸುತ್ತಿ, ಗಾಡಿ ಹತ್ತಿ, ಮೊದಲಿಗೆ ಮೇಡಂ ಮನೆಗೇ ಹೋದೆ. ಬಾಗಿಲು ತೆರೆದವರು ಅವರ ತಮ್ಮ, ಬಟ್ಟೆ ವ್ಯಾಪಾರಿ. ಜೋಳಿಗೆ ನೋಡಿ ಅವರ ಮುಖ ಬಿಗಿಯಿತು.

"ಸರ್, ಇದು ನಮ್ಮ ಧರ್ಮದಾಗ ಇಲ್ರಿ."

ಒಳಗಿನಿಂದ ಮೇಡಂ ಕೂಗಿದರು: "ಅವನ ವಿಜ್ಞಾನದಾಗೂ ಇಲ್ಲಂತಪಾ! ಆದ್ರೂ ಬಂದಾನ. ಒಂದು ಬೊಗಸಿ ಜ್ವಾಳಾ ಹಾಕು."

ತಮ್ಮ ನನ್ನನ್ನು ನೋಡಿದರು, ಮಫ್ಲರ್ ನೋಡಿದರು, ನಕ್ಕುಬಿಟ್ಟರು. "ಫಕೀರಗ ಅಲ್ಲ, ಅಕ್ಕನ ವಿದ್ಯಾರ್ಥಿಗೆ ಕೊಟ್ಟಿದ್ದು ಅಂತ ತಿಳಕೋರಿ ಮತ್ತ" ಎಂದು ಜೋಳ ಸುರಿದರು. ಅವರ ಧರ್ಮವೂ ಕೆಡಲಿಲ್ಲ, ನನ್ನ ಜೋಳಿಗೆಯೂ ಬರಿದಾಗಲಿಲ್ಲ. ಉಳಿದ ನಾಲ್ಕು ಮನೆಗಳಿಗೆ ಮಫ್ಲರ್ ಬಿಚ್ಚಿಕೊಂಡೇ ಹೋದೆ. ಅವ್ವ ಆ ಜೋಳ ಬೀಸಿಸಿ ರೊಟ್ಟಿ ಬಡಿದಳು. ನನಗೆ ಬಡಿಸಿ ತಾನೂ ಕುಳಿತು ಹೊಟ್ಟೆತುಂಬ ಉಂಡಳು.

ಹೋದ ಮಳೆಗಾಲದಲ್ಲಿ ಮೇಡಂ ತೀರಿಕೊಂಡರು. ತಾವು ಏನನ್ನು ನಂಬುತ್ತಿದ್ದರೆಂದು ಅವರು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ. ಅವರು ಕಲಿಸಿದ್ದನ್ನು ನಾನು ಎಲ್ಲೂ ಭಾಷಣ ಮಾಡಿದವನಲ್ಲ. ನಮ್ಮ ಅಡುಗೆಮನೆಯಲ್ಲಷ್ಟೇ ಅದು ನಡೆದಿದೆ. ನಾನು ಉಳಿದದ್ದು ಹರಕೆಯಿಂದ ಎನ್ನುತ್ತಾಳೆ ಅವ್ವ. ಗುಳಿಗೆಯಿಂದ ಎನ್ನುತ್ತೇನೆ ನಾನು. ಮೊದಲಾಗಿದ್ದರೆ ಇಬ್ಬರಲ್ಲೊಬ್ಬರು ತಾಟು ಬಿಟ್ಟು ಏಳುತ್ತಿದ್ದೆವು. ಈಗ ಊಟ ಮುಗಿದೊಡನೆ, ನಾನು ಮರೆತೇನೆಂದು, ಗುಳಿಗೆ ತಂದು ಕೈಗಿಡುವವಳು ಅವಳೇ.